ಟ್ರೈಲರ್ ಕೊಳ್ಳುವ ಮುನ್ನ



ಕೊಬ್ಬರಿಗೆ ಬೆಲೆ ಬಂದ ವರ್ಷ ನಮ್ಮ ಸೀಮೆಯಲ್ಲಿ ಮನೆಗಳಿಗೆ ಸುಣ್ಣಬಣ್ಣವಾಗುತ್ತದೆ, ತಡೆದು ನಿಂತಿದ್ದ ಮದುವೆಗಳು ಗೊತ್ತಾಗುತ್ತವೆ, ಕೊಟ್ಟಿಗೆಯ ಪಕ್ಕದಲ್ಲಿ ಹೊಸ ಟ್ರೈಲರೊಂದು ಬಂದು ನಿಲ್ಲುತ್ತದೆ. 2025ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿ ಕ್ವಿಂಟಲಿಗೆ 25,000 ರೂಪಾಯಿ ದಾಟಿದಾಗ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರು ತಾಲ್ಲೂಕುಗಳ ರೈತರೂ ಬಹಳ ದಿನದ ಮೇಲೆ ನಿಟ್ಟುಸಿರು ಬಿಟ್ಟರು. ಅದಕ್ಕೆ ಎರಡೇ ವರ್ಷ ಹಿಂದೆ, 2023ರಲ್ಲಿ, ಬೆಂಬಲ ಬೆಲೆ 11,750 ರೂಪಾಯಿ ಎಂದು ಕಾಗದದ ಮೇಲೆ ಇದ್ದರೂ ಮಾರುಕಟ್ಟೆಯ ದರ ಅದಕ್ಕಿಂತ ಬಹಳ ಕೆಳಗೆ ಬಿದ್ದು, ರೈತರು ಬೀದಿಗೆ ಇಳಿದದ್ದನ್ನು ಯಾರೂ ಮರೆತಿಲ್ಲ. ಬೆಲೆ ಏರುತ್ತದೆ, ಇಳಿಯುತ್ತದೆ. ಆದರೆ ಬೆಲೆ ಇದ್ದಾಗ ಕೊಂಡ ಟ್ರೈಲರ್ ಹದಿನೈದು ಇಪ್ಪತ್ತು ವರ್ಷ ಮನೆಯಲ್ಲಿರುತ್ತದೆ. ಆದುದರಿಂದ ಅದನ್ನು ಆರಿಸುವ ವಿಚಾರವನ್ನು ಈ ವಾರ ನಿಮ್ಮ ಮುಂದೆ ಇಡುವುದು ಸೂಕ್ತವೆಂದು ತೋರಿತು.

ಟ್ರಾಕ್ಟರ್ ಕೊಳ್ಳುವಾಗ ನಾವು ಹತ್ತು ಜನರನ್ನು ಕೇಳುತ್ತೇವೆ. ಎಷ್ಟು ಅಶ್ವಶಕ್ತಿ, ಡೀಸೆಲ್ ಎಷ್ಟು ಕುಡಿಯುತ್ತದೆ, ಬಿಡಿಭಾಗ ತಿಪಟೂರಿನಲ್ಲೇ ಸಿಗುತ್ತದೆಯೇ ಎಂದೆಲ್ಲ ವಿಚಾರಿಸುತ್ತೇವೆ. ಟ್ರೈಲರಿನ ಮಾತು ಬಂದಾಗ ಮಾತ್ರ 'ಉದ್ದ ಎಷ್ಟು, ಅಗಲ ಎಷ್ಟು, ಪಕ್ಕದ ಮನೆಯವರದಕ್ಕಿಂತ ಒಂದಡಿ ಹೆಚ್ಚಿರಲಿ' ಎಂಬಲ್ಲಿಗೆ ವಿಚಾರಣೆ ಮುಗಿಯುತ್ತದೆ. ಅದು ಎಷ್ಟು ತೂಕ ಹೊರಬಲ್ಲದು, ಇಳಿಜಾರಿನಲ್ಲಿ ಹೇಗೆ ನಿಲ್ಲುತ್ತದೆ, ಕತ್ತಲಲ್ಲಿ ಹಿಂದಿನಿಂದ ಬರುವವನಿಗೆ ಹೇಗೆ ಕಾಣುತ್ತದೆ ಎಂದು ಕೇಳುವವರು ಕಡಿಮೆ. ಹಣ ಹೋಗುವುದೂ ಪ್ರಾಣ ಹೋಗುವುದೂ ಈ ಕೇಳದೆ ಬಿಟ್ಟ ಪ್ರಶ್ನೆಗಳಿಂದಲೇ.

ನಿಮಗೆ ಸ್ವಂತದ್ದು ಬೇಕೇ?

ಮೊದಲು ಲೆಕ್ಕ ಹಾಕೋಣ. ಐದು ಎಕರೆ ತೆಂಗು ಇರುವ ಒಂದು ಕುಟುಂಬವನ್ನು ತೆಗೆದುಕೊಳ್ಳಿ. ಮೂವತ್ತು ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 50 ಮರ, ಒಟ್ಟು 250 ಮರ. ಮರಕ್ಕೆ ವರ್ಷಕ್ಕೆ 50 ಕೆ.ಜಿ. ಕೊಟ್ಟಿಗೆ ಗೊಬ್ಬರ ಕೊಡಬೇಕೆಂಬುದು ನಾವು ಹೇಳುತ್ತ ಬಂದಿರುವ ಮಾತು. ಅದರಂತೆ ಕೊಟ್ಟರೆ ಹನ್ನೆರಡೂವರೆ ಟನ್ ಗೊಬ್ಬರ, ಅಂದರೆ ಆರು ಟ್ರೈಲರ್. ಮರಕ್ಕೆ ವರ್ಷಕ್ಕೆ 60 ಕಾಯಿ ಎಂದು ಹಿಡಿದರೆ 15,000 ಕಾಯಿ. ವರ್ಷದಲ್ಲಿ ಆರು ಕೊಯ್ಲು ಎಂದರೆ ಕೊಯ್ಲಿಗೆ 2,500 ಕಾಯಿ, ಎರಡು ಟ್ರೈಲರಿನಂತೆ ಹನ್ನೆರಡು. ಅಟ್ಟದಿಂದ ಇಳಿಸಿ ಸುಲಿದ ಕೊಬ್ಬರಿ ಸುಮಾರು 2 ಟನ್, ಅದಕ್ಕೆ ಒಂದು ಸಲ ಮಾರುಕಟ್ಟೆಗೆ ಹೋದರೆ ಸಾಕು. ಮಟ್ಟೆ, ಚಿಪ್ಪು, ರಾಗಿ ಹುಲ್ಲು, ಸೌದೆ ಎಲ್ಲ ಸೇರಿ ಇನ್ನು ಹತ್ತು ಸಲ ಎನ್ನಿ. ಒಟ್ಟು ಮೂವತ್ತು ಟ್ರೈಲರ್ ಆಗಲಿಲ್ಲ. ದಿನಕ್ಕೆ ಎರಡು ಮೂರು ಸಲ ಹೊಡೆದರೆ ಹನ್ನೆರಡರಿಂದ ಹದಿನೈದು ದಿನದ ಕೆಲಸ. ಉಳಿದ ಮುನ್ನೂರೈವತ್ತು ದಿನ ಟ್ರೈಲರ್ ಬಿಸಿಲಲ್ಲಿ ನಿಂತು ಟೈರು ಬಿರುಕು ಬಿಡುತ್ತದೆ, ಕೋಳಿಗಳಿಗೆ ನೆರಳಾಗುತ್ತದೆ.

ಈಗ ನಿಮ್ಮ ಊರಿನಲ್ಲಿ ಒಂದು ದಿನದ ಬಾಡಿಗೆ ಎಷ್ಟೆಂದು ನಿಮಗೇ ಗೊತ್ತು. ಅದನ್ನು ಹದಿನೈದರಿಂದ ಗುಣಿಸಿ. ಒಂದು ಕಡೆ ಆ ಮೊತ್ತ ಬರೆಯಿರಿ. ಇನ್ನೊಂದು ಕಡೆ ಟ್ರೈಲರಿನ ಬೆಲೆಯ ಮೇಲೆ ವರ್ಷದ ಬಡ್ಡಿ, ಟೈರಿನ ಸವಕಳಿ, ವಿಮೆ, ತಗಡಿನ ರಿಪೇರಿ ಬರೆಯಿರಿ. ಯಾವುದು ದೊಡ್ಡದೋ ನೋಡಿಕೊಂಡು ತೀರ್ಮಾನಕ್ಕೆ ಬನ್ನಿ. ಹತ್ತು ಎಕರೆಗೆ ಮೇಲ್ಪಟ್ಟವರಿಗೆ, ಸ್ವಂತ ಟ್ರಾಕ್ಟರ್ ಇದ್ದು ಸುತ್ತಲಿನ ರೈತರ ಕೆಲಸವನ್ನೂ ಮಾಡಿಕೊಡುವವರಿಗೆ ಲೆಕ್ಕ ಕೂಡುತ್ತದೆ. ಚಿಕ್ಕ ಹಿಡುವಳಿಯವರು ಅಣ್ಣತಮ್ಮಂದಿರೋ, ಬದುವಿನ ನೆರೆಯವರೋ ಇಬ್ಬರು ಮೂವರು ಕೂಡಿ ಕೊಳ್ಳುವುದು ಒಳ್ಳೆಯದು. ಹಾಗೆ ಕೂಡುವಾಗ ಯಾರ ಸರದಿ ಯಾವಾಗ, ಟೈರು ಹೋದರೆ ಯಾರು ಎಷ್ಟು ಕೊಡಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲರೂ ರುಜು ಹಾಕಿ. ಸಂಬಂಧ ಕೆಡದಿರಲು ಅದೇ ದಾರಿ. ಹೋಬಳಿ ಮಟ್ಟದಲ್ಲಿ 2014–15ರಿಂದ ಆರಂಭವಾದ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳಲ್ಲಿ ಯಾವ ಯಂತ್ರ ಸಿಗುತ್ತದೆ, ಸಹಾಯಧನದ ಸ್ಥಿತಿ ಏನು ಎಂಬುದನ್ನು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಮುಂಗಡ ಕೊಡುವ ಮೊದಲೇ ಕೇಳಿ. ಕೊಂಡಾದ ಮೇಲೆ ಕೇಳಿದರೆ ಪ್ರಯೋಜನವಾಗುವುದು ಅಪರೂಪ.

ಅಳತೆಯಲ್ಲ, ತೂಕ ನೋಡಿ

ಹತ್ತು ಅಡಿ ಉದ್ದ, ಆರು ಅಡಿ ಅಗಲ, ಎರಡು ಅಡಿ ಎತ್ತರದ ತೊಟ್ಟಿ ಎಂದರೆ 120 ಘನ ಅಡಿ. ಅದೇ ತೊಟ್ಟಿಗೆ ಅರೆ ಒಣಗಿದ ಕೊಟ್ಟಿಗೆ ಗೊಬ್ಬರ ಮಟ್ಟವಾಗಿ ತುಂಬಿದರೆ ಸುಮಾರು 2 ಟನ್. ಒದ್ದೆಯಾದ ಕೆರೆ ಗೋಡು ತುಂಬಿದರೆ 5 ಟನ್ನಿಗೂ ಮೇಲೆ. ಸಿಪ್ಪೆಸಹಿತ ಹಸಿ ಕಾಯಿ ಒಂದಕ್ಕೆ ಹೆಚ್ಚುಕಡಿಮೆ 1ರಿಂದ 1.25 ಕೆ.ಜಿ. ಬರುವುದರಿಂದ ಸಾವಿರ ಕಾಯಿ ಎಂದರೆ ಒಂದು ಟನ್ನಿಗೆ ಸ್ವಲ್ಪ ಮೇಲೆಯೇ ಎಂದು ನೆನಪಿಡಿ. ಒಣ ಮಟ್ಟೆ ಮಾತ್ರ ನೋಡಲು ಬೆಟ್ಟ, ತೂಗಿದರೆ ಹಗುರ. ಇನ್ನು ಬೇಸಿಗೆಯಲ್ಲಿ ಗಿಡಗಳಿಗೆ ನೀರು ಹೊಡೆಯುವ ಟ್ಯಾಂಕರಿನಲ್ಲಿ 5,000 ಲೀಟರ್ ನೀರಿದ್ದರೆ ನೀರೊಂದೇ 5 ಟನ್.

ಅಂದಮೇಲೆ ಒಂದೇ ತೊಟ್ಟಿ ಒಂದು ದಿನ 2 ಟನ್ ಹೊರುತ್ತದೆ, ಮರುದಿನ 5 ಟನ್ ಹೊರುತ್ತದೆ. ಅಚ್ಚು, ಬೇರಿಂಗು, ಟೈರು ಯಾವ ತೂಕಕ್ಕೆಂದು ಕೂರಿಸಿದ್ದು? ಕೇಳಬೇಕಾದ ಪ್ರಶ್ನೆ ಇದು. 40 ಅಶ್ವಶಕ್ತಿಯ ಆಸುಪಾಸಿನ ಟ್ರಾಕ್ಟರ್ ತಾನೇ ಸುಮಾರು 2 ಟನ್ ತೂಗುತ್ತದೆ. ಅದರ ಬೆನ್ನಿಗೆ ಎರಡೂವರೆ ಪಟ್ಟು ಭಾರ ಕಟ್ಟಿದರೆ ಸಮತಟ್ಟಾದ ರಸ್ತೆಯಲ್ಲಿ ಎಂಜಿನ್ನು ಎಳೆಯಬಹುದು. ಎಂಜಿನ್ನಿಗೆ ಎಳೆಯುವ ಶಕ್ತಿ ಇದ್ದ ಮಾತ್ರಕ್ಕೆ ಬ್ರೇಕಿಗೆ ತಡೆಯುವ ಶಕ್ತಿ ಇದೆ ಎಂದಾಗುವುದಿಲ್ಲ. ಟೈರಿನ ಪಕ್ಕದಲ್ಲಿ ಅದು ಹೊರಬಹುದಾದ ಭಾರ ಮತ್ತು ತುಂಬಬೇಕಾದ ಗಾಳಿಯ ಒತ್ತಡ ಅಚ್ಚಾಗಿರುತ್ತದೆ. ಎರಡು ಗಾಲಿಯ ಟ್ರೈಲರಿಗೆ ಆ ಸಂಖ್ಯೆಯನ್ನು ಎರಡರಿಂದ ಗುಣಿಸಿ, ಖಾಲಿ ಟ್ರೈಲರಿನ ತೂಕವನ್ನು ಕಳೆಯಿರಿ. ಉಳಿದದ್ದು ನೀವು ಹೇರಬಹುದಾದ ಭಾರದ ಮೇಲ್ಮಿತಿ ಎಂದು ತಿಳಿಯಿರಿ. ತೊಟ್ಟಿಯ ಒಳಗೋಡೆಯಲ್ಲಿ ಬಣ್ಣದಿಂದ ಒಂದು ಗೆರೆ ಎಳೆದು 'ಗೋಡು ಇಲ್ಲಿಯವರೆಗೆ' ಎಂದು ಬರೆಸಿದರೆ ಕೂಲಿಯವರಿಗೂ ಗೊಂದಲವಿರುವುದಿಲ್ಲ.

ಎರಡು ಗಾಲಿ, ನಾಲ್ಕು ಗಾಲಿ

ನಾಲ್ಕು ಗಾಲಿಯ ಟ್ರೈಲರ್ ತನ್ನ ಭಾರವನ್ನು ತಾನೇ ಹೊತ್ತುಕೊಳ್ಳುತ್ತದೆ. ಟ್ರಾಕ್ಟರಿನ ಕೊಂಡಿಯ ಮೇಲೆ ಒತ್ತಡ ಬೀಳುವುದಿಲ್ಲ. ದೂರದ ನೇರ ರಸ್ತೆಗೆ ಅದು ಸರಿ. ಆದರೆ ಹಿಂದಕ್ಕೆ ಬಿಡುವುದು ಬಹಳ ಕಷ್ಟ. ತೆಂಗಿನ ಸಾಲುಗಳ ನಡುವೆ, ಅಡಿಕೆ ಬಾಳೆ ಹಾಕಿದ ತೋಟದಲ್ಲಿ, ಬದು ತಿರುಗುವಲ್ಲಿ ಅದರಿಂದ ಕೆಲಸ ಕೆಡುತ್ತದೆ. ಎರಡು ಗಾಲಿಯದು ಹಿಂದೆ ಮುಂದೆ ಸುಲಭವಾಗಿ ಆಡುತ್ತದೆ. ಭಾರದ ಒಂದು ಪಾಲು ಟ್ರಾಕ್ಟರಿನ ಹಿಂಗಾಲಿಯ ಮೇಲೆ ಬೀಳುವುದರಿಂದ ಕೆಸರಿನಲ್ಲಿ ಹಿಡಿತವೂ ಹೆಚ್ಚು. ನಮ್ಮ ತೋಟಗಳಿಗೆ ಎರಡು ಗಾಲಿಯ, ಎತ್ತಿ ಸುರಿಯುವ ಹೈಡ್ರಾಲಿಕ್ ಟ್ರೈಲರೇ ಹೆಚ್ಚು ಹೊಂದುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಎತ್ತಿ ಸುರಿಯುವುದರಿಂದ ಕೂಲಿ ಉಳಿಯುತ್ತದೆ, ನಿಜ. ಅದರೊಂದಿಗೆ ಮೂರು ಎಚ್ಚರಿಕೆಗಳೂ ಬರುತ್ತವೆ. ಒಂದು, ಒಂದು ಗಾಲಿ ತಗ್ಗಿನಲ್ಲಿ ಒಂದು ಗಾಲಿ ಉಬ್ಬಿನಲ್ಲಿ ಇರುವಾಗ ತೊಟ್ಟಿ ಎತ್ತಬೇಡಿ. ಒದ್ದೆ ಗೋಡು ಒಂದು ಮೂಲೆಗೆ ಅಂಟಿಕೊಂಡರೆ ಟ್ರೈಲರ್ ಪಕ್ಕಕ್ಕೆ ಉರುಳುತ್ತದೆ. ಎರಡು, ಎತ್ತುವ ಮುನ್ನ ತಲೆ ಎತ್ತಿ ನೋಡಿ. ತೋಟದ ಮೇಲೆ ಹಾದುಹೋದ ವಿದ್ಯುತ್ ತಂತಿಗೆ ಎತ್ತಿದ ತೊಟ್ಟಿ ತಗುಲಿದರೆ ಚಾಲಕನಿಗೆ ಉಳಿವಿಲ್ಲ. ಮೂರು, ಎತ್ತಿದ ತೊಟ್ಟಿಯ ಕೆಳಗೆ ರಿಪೇರಿಗೆಂದು ನುಗ್ಗುವಾಗ ಗಟ್ಟಿ ಕಬ್ಬಿಣದ ಊರುಗೋಲು ಕೊಟ್ಟೇ ನುಗ್ಗಬೇಕು. ಎಣ್ಣೆಯ ಕೊಳವೆ ಒಡೆದರೆ ತೊಟ್ಟಿ ಕೆಳಗೆ ಬೀಳುವ ಮುನ್ನ ಕೂಗಲೂ ಸಮಯವಿರುವುದಿಲ್ಲ.

ಮುಂಭಾರ, ಹಿಂಭಾರ

ಈ ವಿದ್ಯೆ ನಮ್ಮ ಹಿರಿಯರಿಗೆ ಹೊಸದಲ್ಲ. ಎತ್ತಿನ ಗಾಡಿ ಹೊಡೆದವರು ಹೇರು ಕಟ್ಟುವಾಗ ಮೂಕಿಯನ್ನು ಕೈಯಲ್ಲಿ ಎತ್ತಿ ನೋಡುತ್ತಿದ್ದರು. ಹಿಂಭಾರವಾದರೆ ಮೂಕಿ ಮೇಲೆದ್ದು ಎತ್ತಿನ ಕೊರಳ ಹಗ್ಗ ಬಿಗಿಯುತ್ತದೆ. ಮುಂಭಾರವಾದರೆ ನೊಗ ಹೆಗಲನ್ನು ಒತ್ತಿ ಹುಣ್ಣು ಮಾಡುತ್ತದೆ. ಸ್ವಲ್ಪವೇ ಮುಂಭಾರ ಇರಬೇಕು ಎಂಬುದು ಅವರ ನಿಯಮ. ಟ್ರೈಲರಿಗೂ ಅದೇ ನಿಯಮ.

ಹಿಂದೆ ಭಾರ ಹೆಚ್ಚಾದರೆ ಟ್ರೈಲರಿನ ಮೂಕಿ ಕೊಂಡಿಯನ್ನು ಮೇಲಕ್ಕೆ ಎತ್ತುತ್ತದೆ. ಟ್ರಾಕ್ಟರಿನ ಹಿಂಗಾಲಿಗಳು ಹಗುರವಾಗಿ, ಏರಿನಲ್ಲಿ ಜಾರುತ್ತವೆ, ಇಳಿಜಾರಿನಲ್ಲಿ ಬ್ರೇಕು ಹಿಡಿದರೂ ನೆಲ ಹಿಡಿಯುವುದಿಲ್ಲ. ಟ್ರೈಲರ್ ಹಾವಿನಂತೆ ಬಾಲ ಬೀಸತೊಡಗುತ್ತದೆ. ಮುಂದೆ ಭಾರ ಅತಿಯಾದರೆ ಟ್ರಾಕ್ಟರಿನ ಮುಂಗಾಲಿ ಹಗುರವಾಗಿ ಸ್ಟೇರಿಂಗು ಮಾತು ಕೇಳುವುದಿಲ್ಲ. ತೆಂಗಿನಕಾಯಿಯನ್ನು ಹಿಂಬಾಗಿಲಿನಿಂದ ತುಂಬುವಾಗ ಹಿಂದೆಯೇ ರಾಶಿ ಬೀಳುವುದು ಸಹಜ. ಹೊರಡುವ ಮುನ್ನ ಅದನ್ನು ಮುಂದಕ್ಕೆ ತಳ್ಳಿ ಸಮ ಮಾಡಿ.

ಕೊಂಡಿಯ ಎತ್ತರವನ್ನೂ ನೋಡಬೇಕು. ಟ್ರೈಲರನ್ನು ಟ್ರಾಕ್ಟರಿನ ಕೆಳಗಿನ ಕೊಂಡಿಗೇ ಸಿಕ್ಕಿಸಬೇಕು. ಮೇಲಿನ ಯಾವುದಾದರೂ ಹಿಡಿಕೆಗೆ ಸರಪಳಿ ಕಟ್ಟಿ ಎಳೆದರೆ, ಗಾಲಿ ಹುಗಿದ ಕ್ಷಣದಲ್ಲಿ ಟ್ರಾಕ್ಟರ್ ಮುಂಗಾಲೆತ್ತಿ ಹಿಂದಕ್ಕೆ ಮಗುಚುತ್ತದೆ. ಆ ಮಗುಚುವಿಕೆಗೆ ಒಂದೆರಡು ಕ್ಷಣ ಸಾಕು, ಚಾಲಕನಿಗೆ ಹಾರಲು ಸಮಯವಿಲ್ಲ.

ಊರ ಗ್ಯಾರೇಜಿನಲ್ಲಿ ಕಟ್ಟಿಸುವುದಾದರೆ

ಕಂಪನಿಯ ಟ್ರೈಲರಿಗಿಂತ ನಮ್ಮ ಪಟ್ಟಣಗಳ ವೆಲ್ಡಿಂಗ್ ಗ್ಯಾರೇಜಿನಲ್ಲಿ ಕಟ್ಟಿಸಿದ್ದು ಅಗ್ಗ, ನಮ್ಮ ಅನುಕೂಲಕ್ಕೆ ತಕ್ಕಂತೆ ಆಗುತ್ತದೆ. ಇದರಲ್ಲಿ ತಪ್ಪಿಲ್ಲ, ನಮ್ಮ ಮೇಸ್ತ್ರಿಗಳ ಕೈ ಒಳ್ಳೆಯ ಕೈ. ಆದರೆ ಕೆಲಸ ಒಪ್ಪಿಸುವ ನೀವು ಏನು ಕೇಳಬೇಕೆಂದು ತಿಳಿದಿರಬೇಕು. ಟ್ರಾಕ್ಟರ್ ಟ್ರೈಲರಿಗೆಂದು ಐ.ಎಸ್. 8213 ಎಂಬ ಭಾರತೀಯ ಮಾನಕ ಇದೆ. ಮೇಸ್ತ್ರಿಗೆ ಅದರ ಪರಿಚಯವಿದೆಯೇ ಎಂದು ಕೇಳುವುದರಿಂದ ಮಾತು ಆರಂಭಿಸಿ. ನಂತರ ಈ ಕೆಳಗಿನವುಗಳನ್ನು ಗಮನಿಸಿ.

1. ಅಚ್ಚು: ಗುಜರಿಯಿಂದ ತಂದ ಹಳೆಯ ಲಾರಿಯ ಅಚ್ಚನ್ನು ಕತ್ತರಿಸಿ ನಡುವೆ ಬೆಸೆದು ಕೂರಿಸುವುದುಂಟು. ಇದನ್ನು ಒಪ್ಪಬೇಡಿ. ಅಚ್ಚು ಒಂದೇ ತುಂಡಿನದಾಗಿರಬೇಕು.

2. ಮೂಕಿ ಮತ್ತು ಬಳೆ: ಎಳೆಯುವ ಭಾರವೆಲ್ಲ ಬೀಳುವುದು ಮೂಕಿಯ ತುದಿಯ ಕಬ್ಬಿಣದ ಬಳೆಯ ಮೇಲೆ. ಸರಳನ್ನು ಬಗ್ಗಿಸಿ ಬೆಸೆದ ಬಳೆ ಬೇಡ, ಕಾಯಿಸಿ ಬಡಿದು ಮಾಡಿದ ಬಳೆ ಇರಲಿ. ಮೂಕಿ ಚಾಸಿಯ ಕೆಳಗೆ ಸಾಕಷ್ಟು ದೂರ ಒಳಕ್ಕೆ ಹೋಗಿ ಎರಡು ಮೂರು ಕಡೆ ಹಿಡಿದಿರಬೇಕು. ಬರೀ ಮುಂದಿನ ಅಂಚಿಗೆ ಅಂಟಿಸಿದ ಮೂಕಿ ಎಂದಾದರೊಂದು ದಿನ ಕಿತ್ತು ಬರುತ್ತದೆ.

3. ಪಿನ್ನು: ಕೊಂಡಿಯ ಪಿನ್ನಿಗೆ ಕೆಳಗಡೆ ಚಿಲಕದ ಕ್ಲಿಪ್ಪು ಇರಲೇಬೇಕು. ಬೋಲ್ಟು, ಹಾರೆಯ ತುಂಡು, ಹಳೆಯ ಸ್ಪ್ಯಾನರು ತೂರಿಸಿ ಓಡಿಸುವ ಅಭ್ಯಾಸ ಬಿಡಿ. ಪಿನ್ನಿನ ಜೊತೆಗೆ ಒಂದು ಗಟ್ಟಿ ಸರಪಳಿಯನ್ನು ಮೂಕಿಯಿಂದ ಟ್ರಾಕ್ಟರಿಗೆ ಕಟ್ಟಿಸಿ. ಪಿನ್ನು ಹಾರಿದರೂ ಟ್ರೈಲರ್ ಬಿಟ್ಟುಹೋಗದಂತೆ ಅದು ತಡೆಯುತ್ತದೆ.

4. ಟೈರು: ಎರಡು ಗಾಲಿಗೂ ಒಂದೇ ಅಳತೆಯ, ಒಂದೇ ವಯಸ್ಸಿನ ಟೈರು ಇರಲಿ. ಒಂದು ಕಡೆ ಹೊಸದು, ಒಂದು ಕಡೆ ಎರಡು ಸಲ ರಬ್ಬರು ಅಂಟಿಸಿದ್ದು ಎಂದರೆ ಟ್ರೈಲರ್ ಸದಾ ಒಂದು ಕಡೆಗೆ ವಾಲುತ್ತದೆ.

5. ಹಿಂಬಾಗಿಲು: ಎರಡೂ ಪಕ್ಕ ಕೊಂಡಿ ಬಿದ್ದು ಅಲುಗಾಟಕ್ಕೆ ತಾನೇ ಬಿಚ್ಚಿಕೊಳ್ಳದಂತಿರಬೇಕು. ಚಲಿಸುವ ಟ್ರೈಲರಿನಿಂದ ಉರುಳಿದ ಒಂದು ತೆಂಗಿನಕಾಯಿ ಹಿಂದೆ ಬರುವ ಬೈಕಿನವನಿಗೆ ಕಲ್ಲಿಗಿಂತ ಕಡಿಮೆಯಲ್ಲ.

6. ಊರುಗಾಲು: ಕಳಚಿ ನಿಲ್ಲಿಸಿದಾಗ ಮೂಕಿಯನ್ನು ಹೊರಲು ಸ್ಕ್ರೂ ಜಾಕಿನ ಕಾಲು ಇರಲಿ. ಕಲ್ಲು ಜೋಡಿಸಿ ನಿಲ್ಲಿಸಿದ ಟ್ರೈಲರ್ ಮಕ್ಕಳು ಹತ್ತಿದ ಕೂಡಲೇ ಮಗುಚುತ್ತದೆ.

ನಿಲ್ಲಿಸುವ ಶಕ್ತಿ

ಈಗ ಮುಖ್ಯ ವಿಚಾರಕ್ಕೆ ಬರೋಣ. ನಮ್ಮಲ್ಲಿ ಓಡಾಡುವ ಎಷ್ಟೋ ಟ್ರೈಲರುಗಳಿಗೆ ಸ್ವಂತ ಬ್ರೇಕು ಇಲ್ಲ. 2 ಟನ್ನಿನ ಟ್ರಾಕ್ಟರಿನ ಬ್ರೇಕು ತನ್ನ ಹಿಂದಿರುವ 5 ಟನ್ನನ್ನೂ ನಿಲ್ಲಿಸಬೇಕು. ವೇಗ ಇಮ್ಮಡಿಯಾದರೆ ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 15 ಕಿ.ಮೀ. ವೇಗದಲ್ಲಿ ಹೊಲದ ದಾರಿಯಲ್ಲಿ ಹೋಗುವಾಗ ತೊಂದರೆ ಕಾಣದ ಹೇರು, ಡಾಂಬರು ರಸ್ತೆಯಲ್ಲಿ 30 ಕಿ.ಮೀ. ವೇಗಕ್ಕೆ ಬಂದಾಗ ಬೇರೆಯೇ ಪ್ರಾಣಿಯಾಗುತ್ತದೆ. ಚಿಕ್ಕನಾಯಕನಹಳ್ಳಿಯ ಮದಲಿಂಗನ ಕಣಿವೆಯಂಥ ಕಡೆ ಇಳಿಯುವಾಗ, ಕೆರೆ ಏರಿಯಿಂದ ಕೆಳಗೆ ಇಳಿದು ತಿರುಗುವಾಗ, ಹಿಂದಿನ ಭಾರ ಮುಂದಿನ ಟ್ರಾಕ್ಟರನ್ನು ತಳ್ಳಿ ಮಡಚಿ ಹಾಕುತ್ತದೆ.

ಹೊಸ ಟ್ರೈಲರ್ ಮಾಡಿಸುವವರು ಬ್ರೇಕನ್ನು ಕೇಳಿ ಹಾಕಿಸಿಕೊಳ್ಳಿ. ಟ್ರಾಕ್ಟರಿನಿಂದಲೇ ಎಣ್ಣೆಯ ಅಥವಾ ಗಾಳಿಯ ಒತ್ತಡದಿಂದ ಹಿಡಿಯುವ ಬ್ರೇಕು ಉತ್ತಮ. ಅದಿಲ್ಲದಿದ್ದರೆ ತಳ್ಳುಬ್ರೇಕು ಇದೆ. ಟ್ರಾಕ್ಟರ್ ನಿಧಾನಿಸಿದಾಗ ಟ್ರೈಲರಿನ ಮೂಕಿ ಹಿಂದಕ್ಕೆ ಒತ್ತಿಕೊಂಡು, ಆ ಒತ್ತಡವೇ ಸರಳಿನ ಮೂಲಕ ಗಾಲಿಯ ಬ್ರೇಕನ್ನು ಹಿಡಿಯುತ್ತದೆ. ಹಿಂದಕ್ಕೆ ಬಿಡುವಾಗ ಮಾತ್ರ ಅದನ್ನು ತಡೆಹಾಕಬೇಕು. ಇದರ ಜೊತೆಗೆ ನಿಲ್ಲಿಸಿದಾಗ ಎಳೆಯುವ ಕೈಬ್ರೇಕು ಬೇಕು. ಟ್ರೈಲರಿನಲ್ಲಿ ಸದಾ ಎರಡು ಮರದ ಅಡ್ಡಗಟ್ಟೆಗಳನ್ನು ಸರಪಳಿಯಿಂದ ಕಟ್ಟಿ ಇಟ್ಟಿರಿ. ಬ್ರೇಕಿಗೆ ಆಗುವ ಹೆಚ್ಚಿನ ಖರ್ಚು ಬಣ್ಣ, ಹೆಸರು, ಹೂವು, ಹಾಡಿನ ಪೆಟ್ಟಿಗೆಗೆ ಸುರಿಯುವ ಖರ್ಚಿನಿಂದ ಬಹಳ ದೂರವಿಲ್ಲ.

ಚಾಲಕರಿಗೆ ಎರಡು ಮಾತು. ಟ್ರಾಕ್ಟರಿನ ಎಡ ಬಲ ಬ್ರೇಕು ಪೆಡಲುಗಳು ಹೊಲದಲ್ಲಿ ತಿರುಗಿಸಲು ಬೇರೆಬೇರೆಯಾಗಿರುತ್ತವೆ. ರಸ್ತೆಗೆ ಬರುವ ಮುನ್ನ ಎರಡನ್ನೂ ಕೊಂಡಿ ಹಾಕಿ ಜೋಡಿಸಿ. ಒಂದೇ ಪೆಡಲು ಒತ್ತಿದರೆ ಹೇರಿದ ಟ್ರೈಲರಿನ ಮುಂದೆ ಟ್ರಾಕ್ಟರ್ ಅಡ್ಡ ತಿರುಗುತ್ತದೆ. ಎರಡನೆಯದು, ಏರು ಹತ್ತುವಾಗ ಹಾಕುವ ಗೇರಿನಲ್ಲೇ ಇಳಿಯಿರಿ. ಡೀಸೆಲ್ ಉಳಿಸಲು ನ್ಯೂಟ್ರಲಿನಲ್ಲಿ ಬಿಡುವವನು ಉಳಿಸುವುದು ಅರ್ಧ ಕಪ್ಪು ಎಣ್ಣೆ, ಪಣಕ್ಕೆ ಇಡುವುದು ಮನೆಯವರನ್ನು.

ರಾತ್ರಿ ಕಾಣಬೇಕು

ಬೆಂಗಳೂರು–ಹೊನ್ನಾವರ ರಸ್ತೆ ಈಗ ಹಿಂದಿನ ರಸ್ತೆಯಲ್ಲ. ಕೆ.ಬಿ. ಕ್ರಾಸಿನಲ್ಲಿ ನಿಂತು ಹತ್ತು ನಿಮಿಷ ನೋಡಿದರೆ ವಾಹನಗಳ ವೇಗ ತಿಳಿಯುತ್ತದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಬರುವ ಕಾರು ಒಂದು ಸೆಕೆಂಡಿಗೆ 22 ಮೀಟರ್ ಮುಂದೆ ಬರುತ್ತದೆ. ಅದರ ಮುಂದೆ ದೀಪವಿಲ್ಲದ, ಮಟ್ಟೆಯ ಹೊರೆ ಎರಡು ಪಕ್ಕಕ್ಕೂ ಚಾಚಿದ ಟ್ರೈಲರ್ ನಿಧಾನವಾಗಿ ಹೋಗುತ್ತಿದ್ದರೆ, ಕಾರಿನವನಿಗೆ ಅದು ಕಾಣುವ ಹೊತ್ತಿಗೆ ಮಾಡಲು ಏನೂ ಉಳಿದಿರುವುದಿಲ್ಲ. ಟ್ರಾಕ್ಟರಿನ ಹಿಂದೀಪವನ್ನು ಟ್ರೈಲರ್ ಮರೆಮಾಡುತ್ತದೆ ಎಂಬುದನ್ನು ನಾವು ಮರೆಯುತ್ತೇವೆ.

ಟ್ರೈಲರಿನ ಹಿಂದೆ ಎರಡು ಕೆಂಪು ದೀಪ, ತಿರುವಿನ ದೀಪ ಇರಬೇಕು. ಅವುಗಳ ತಂತಿಯನ್ನು ಟ್ರಾಕ್ಟರಿಗೆ ಸಿಕ್ಕಿಸುವ ಪ್ಲಗ್ಗು ಸುಸ್ಥಿತಿಯಲ್ಲಿರಬೇಕು. ದೀಪ ಕೆಟ್ಟರೂ ಕಾಪಾಡುವುದು ಬೆಳಕು ಬಿದ್ದಾಗ ಹೊಳೆಯುವ ಪಟ್ಟಿ: ಹಿಂದೆ ಕೆಂಪು, ಪಕ್ಕದಲ್ಲಿ ಹಳದಿ, ಮುಂದೆ ಬಿಳಿ. ಹಿಂಬಾಗಿಲಿನ ಅಡ್ಡಕ್ಕೆ ಪೂರ್ತಿ ಅಂಟಿಸಿ, ಆಗ ಅಗಲ ತಿಳಿಯುತ್ತದೆ. ವಾರಕ್ಕೊಮ್ಮೆ ಬಟ್ಟೆಯಿಂದ ಒರೆಸಿ. ಗೋಡು ಮೆತ್ತಿದ ಪಟ್ಟಿ ಇದ್ದೂ ಇಲ್ಲದಂತೆ. ಹೊರೆ ಹಿಂಬಾಗಿಲಿನ ಆಚೆಗೆ ಇಳಿಬಿದ್ದರೆ ಪಟ್ಟಿ ಮರೆಯಾಗುತ್ತದೆ, ಹೊರೆಯ ತುದಿಗೇ ಇನ್ನೊಂದನ್ನು ಕಟ್ಟಿ. ರಸ್ತೆಯಲ್ಲಿ ಕೆಟ್ಟು ನಿಂತರೆ ಸೊಪ್ಪು, ಕಲ್ಲು ಇಟ್ಟು ಹೋಗಬೇಡಿ. ಆ ಕಲ್ಲನ್ನು ತೆಗೆಯಲು ಮರೆತು ಬಿಟ್ಟು ಹೋದರೆ ಅದು ಇನ್ನೊಬ್ಬರ ಜೀವಕ್ಕೆ ಎರವಾಗುತ್ತದೆ.

ಕಾರು, ಟಿಲ್ಲರ್ ಹೇರುವುದಾದರೆ

ಈಚೆಗೆ ಹಳ್ಳಿಗಳಲ್ಲೂ ಕಾರುಗಳು ಹೆಚ್ಚಿವೆ. ಕಾರು ಕೆಟ್ಟು ನಿಂತಾಗ ಟ್ರಾಕ್ಟರ್ ಟ್ರೈಲರಿಗೆ ಹೇರಿ ತಿಪಟೂರಿಗೆ ಸಾಗಿಸುವುದು ಕಂಡುಬರುತ್ತಿದೆ. ಸಣ್ಣ ಕಾರೂ ಸುಮಾರು ಹನ್ನೊಂದು ಹನ್ನೆರಡು ಅಡಿ ಉದ್ದ, ತೂಕ ಒಂದು ಟನ್ನಿನ ಆಸುಪಾಸು. ಹತ್ತಡಿಯ ತೊಟ್ಟಿಯಲ್ಲಿ ಅದರ ಹಿಂಭಾಗ ಹೊರಗೆ ಚಾಚುತ್ತದೆ. ತೊಟ್ಟಿಯ ನೆಲ ಎತ್ತರದಲ್ಲಿರುವುದರಿಂದ ಹೇರು ತಲೆಭಾರವಾಗುತ್ತದೆ, ತಿರುವಿನಲ್ಲಿ ಮಗುಚುವ ಭಯವಿದೆ. ದೂರದ ದಾರಿಗೆ ಕಾರು ಸಾಗಿಸುವ ತಗ್ಗು ನೆಲದ ವಾಹನವನ್ನು ಕರೆಸುವುದೇ ಲೇಸು.

ಅನಿವಾರ್ಯವಾದರೆ ಹೀಗೆ ಮಾಡಿ. ಸಮತಟ್ಟಾದ ನೆಲದಲ್ಲಿ ಟ್ರೈಲರನ್ನು ಟ್ರಾಕ್ಟರಿಗೆ ಕಟ್ಟಿದ ಮೇಲೆಯೇ ಕಾರು ಹತ್ತಿಸಿ. ಕಳಚಿದ ಟ್ರೈಲರಿಗೆ ಹತ್ತಿಸಿದರೆ ಮೂಕಿ ಆಕಾಶಕ್ಕೆ ಎದ್ದೀತು. ಹತ್ತಿಸುವ ಹಲಗೆ ಉದ್ದವಾಗಿರಲಿ, ಜಾರದಂತೆ ತೊಟ್ಟಿಗೆ ಕಟ್ಟಿರಲಿ, ಹಿಂದೆ ಯಾರೂ ನಿಲ್ಲಬಾರದು. ಎಂಜಿನ್ನು ಮುಂದಿರುವ ಕಾರನ್ನು ಮುಂಭಾಗ ಟ್ರಾಕ್ಟರಿನ ಕಡೆಗೆ ಇರುವಂತೆ ನಿಲ್ಲಿಸಿದರೆ ಅಗತ್ಯವಾದ ಸ್ವಲ್ಪ ಮುಂಭಾರ ತಾನಾಗಿ ಬರುತ್ತದೆ. ಗೇರು ಹಾಕಿ, ಕೈಬ್ರೇಕು ಎಳೆದು, ನಾಲ್ಕು ಗಾಲಿಗೂ ಅಡ್ಡಗಟ್ಟೆ ಕೊಟ್ಟು, ಗಾಲಿಗಳನ್ನೇ ಪಟ್ಟಿಯಿಂದ ನಾಲ್ಕು ಮೂಲೆಗೂ ಬಿಗಿಯಿರಿ. ಬಂಪರಿಗೆ ಹಗ್ಗ ಕಟ್ಟಿದರೆ ಬಂಪರು ಮಾತ್ರ ನಿಲ್ಲುತ್ತದೆ, ಕಾರು ಹೋಗುತ್ತದೆ. ಎರಡು ಕಿ.ಮೀ. ಹೋದ ಮೇಲೆ ನಿಲ್ಲಿಸಿ ಮತ್ತೆ ಬಿಗಿಯಿರಿ. ಪವರ್ ಟಿಲ್ಲರಿಗೂ ಇದೇ ಕ್ರಮ. ಇಂಥ ಕೆಲಸ ಹೆಚ್ಚಾಗಿರುವ ಹೋಬಳಿಗಳಲ್ಲಿ ಸಹಕಾರ ಸಂಘವೋ ಗ್ಯಾರೇಜಿನವರೋ ತಗ್ಗು ನೆಲದ, ಜೋಡಿ ಅಚ್ಚಿನ, ಹತ್ತಿಸುವ ಹಲಗೆ ಸಹಿತವಾದ ಒಂದು ಟ್ರೈಲರನ್ನು ಇಟ್ಟರೆ ಎಲ್ಲರಿಗೂ ಉಪಯೋಗವಾದೀತು.

ಕಾಗದಪತ್ರ

ಟ್ರೈಲರಿಗೆ ಟ್ರಾಕ್ಟರಿನಂತೆಯೇ ಬೇರೆ ನೋಂದಣಿ ಸಂಖ್ಯೆ ಬೇಕು. ಗ್ಯಾರೇಜಿನವರು ಮಾರಾಟದ ಪತ್ರ ಮತ್ತು ನೋಂದಣಿಗೆ ಬೇಕಾದ ತಯಾರಕರ ಪತ್ರಗಳನ್ನು ಕೊಡುತ್ತಾರೆಯೇ ಎಂದು ಮುಂಗಡಕ್ಕೆ ಮೊದಲೇ ಖಚಿತಪಡಿಸಿಕೊಳ್ಳಿ. ಅನುಮಾನವಿದ್ದರೆ ತಿಪಟೂರಿನ ಸಾರಿಗೆ ಕಚೇರಿಯಲ್ಲಿ ಕೇಳಿ, ಕೇಳುವುದಕ್ಕೆ ಶುಲ್ಕವಿಲ್ಲ. ವಿಮೆಯ ಪಾಲಿಸಿಯಲ್ಲಿ ಟ್ರಾಕ್ಟರಿನ ಸಂಖ್ಯೆಯ ಜೊತೆಗೆ ಟ್ರೈಲರಿನ ಸಂಖ್ಯೆಯೂ ಸೇರಿದೆಯೇ ಎಂದು ಓದಿ ನೋಡಿ. ಓದಲು ಕಷ್ಟವಾದರೆ ವಾಚನಾಲಯದಲ್ಲಿ ಯಾರಿಂದಲಾದರೂ ಓದಿಸಿಕೊಳ್ಳಿ.

ಟ್ರಾಕ್ಟರ್ ಓಡಿಸುವ ಲೈಸೆನ್ಸು ಇದ್ದವನು ಟ್ರೈಲರ್ ಕಟ್ಟಿ ಸರಕು ಸಾಗಿಸಿದ ಮಾತ್ರಕ್ಕೆ ಆ ಲೈಸೆನ್ಸು ಅಸಿಂಧುವಾಗುವುದಿಲ್ಲ ಎಂದು ನಮ್ಮ ರಾಜ್ಯದಿಂದ ಹೋದ ನಾಗಶೆಟ್ಟಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2001ರಲ್ಲಿ ಹೇಳಿತು. ಇದು ಲೈಸೆನ್ಸು ಇದ್ದವರಿಗೆ ಸಿಕ್ಕ ರಕ್ಷಣೆ. ಲೈಸೆನ್ಸೇ ಇಲ್ಲದ ಹದಿನಾರರ ಹುಡುಗನ ಕೈಗೆ ಸ್ಟೇರಿಂಗು ಕೊಟ್ಟವರಿಗೆ ಯಾವ ಕೋರ್ಟೂ ನೆರವಾಗದು. ಹಾಗೆಯೇ ಕೃಷಿಗೆಂದು ನೋಂದಾಯಿಸಿದ ಟ್ರೈಲರನ್ನು ಜಲ್ಲಿ, ಇಟ್ಟಿಗೆ, ಮರಳಿನ ಬಾಡಿಗೆಗೆ ಬಿಟ್ಟು ಅಪಘಾತವಾದರೆ ವಿಮೆಯವರು ತಕರಾರು ತೆಗೆಯುತ್ತಾರೆ. ಬಾಡಿಗೆಯೇ ಉದ್ದೇಶವಾದರೆ ಅದಕ್ಕೆ ತಕ್ಕ ನೋಂದಣಿ, ತೆರಿಗೆ, ವಿಮೆ ಮಾಡಿಸಿ.

ಜನರನ್ನು ಹೇರಬೇಡಿ

ಕೊನೆಯದಾಗಿ, ನಮಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಮಾತು. 2022ರ ಅಕ್ಟೋಬರ್ 1ರಂದು ಉತ್ತರ ಪ್ರದೇಶದ ಕಾನಪುರದ ಬಳಿ ದೇವರ ದರ್ಶನ ಮುಗಿಸಿ ಬರುತ್ತಿದ್ದವರ ಟ್ರಾಕ್ಟರ್ ಟ್ರೈಲರ್ ಹೊಂಡಕ್ಕೆ ಮಗುಚಿ 26 ಜನ ಸತ್ತರು. ಹೆಚ್ಚಿನವರು ಹೆಂಗಸರು, ಮಕ್ಕಳು. 2024ರ ಫೆಬ್ರವರಿಯಲ್ಲಿ ಅದೇ ರಾಜ್ಯದ ಕಾಸ್‌ಗಂಜ್ ಜಿಲ್ಲೆಯಲ್ಲಿ ಗಂಗಾಸ್ನಾನಕ್ಕೆ ಹೊರಟಿದ್ದವರ ಟ್ರೈಲರ್ ಕೆರೆಗೆ ಬಿದ್ದು ಇಪ್ಪತ್ತಕ್ಕೂ ಹೆಚ್ಚು ಜನ ಹೋದರು. ದೂರದ ಸುದ್ದಿ ಎಂದು ಬದಿಗಿಡುವಂತಿಲ್ಲ. ನಮ್ಮಲ್ಲಿ ಕೆರೆ ಏರಿಯ ಮೇಲೆ ರಸ್ತೆ ಇಲ್ಲದ ಊರು ಯಾವುದಿದೆ? ಎಡೆಯೂರಿನ ಜಾತ್ರೆಗೆ, ಮದುವೆಯ ದಿಬ್ಬಣಕ್ಕೆ, ಬೀಗರ ಊಟಕ್ಕೆ, ಕಾಯಿ ಆಯುವ ಕೆಲಸಕ್ಕೆ ಹೆಂಗಸರು ಮಕ್ಕಳನ್ನು ತೊಟ್ಟಿಯಲ್ಲಿ ನಿಲ್ಲಿಸಿಕೊಂಡು ಹೋಗುವುದು ಇಲ್ಲಿಯೂ ನಿಂತಿಲ್ಲ. ತೆಂಗಿನಕಾಯಿ ಹೇರಿದರೆ ರಾಶಿ ಕೆಳಗೆ ಕೂರುತ್ತದೆ. ಜನ ನಿಂತರೆ ಭಾರ ಮೇಲಿರುತ್ತದೆ, ತಿರುವಿನಲ್ಲಿ ಎಲ್ಲರೂ ಒಂದೇ ಕಡೆಗೆ ವಾಲುತ್ತಾರೆ. ಅವರಿಗೆ ಹಿಡಿಯಲು ಏನೂ ಇಲ್ಲ, ಮಗುಚಿದರೆ ತೊಟ್ಟಿ ಅವರ ಮೇಲೆಯೇ ಬೋರಲಾಗುತ್ತದೆ. ಕೃಷಿ ಟ್ರೈಲರಿನಲ್ಲಿ ಜನ ಸಾಗಿಸುವುದು ಕಾನೂನಿಗೆ ವಿರುದ್ಧ. ವಿಮಾ ಕಂಪನಿ ಹೊಣೆ ಹೊರಲು ಒಪ್ಪದಿದ್ದರೆ ಪರಿಹಾರದ ಹಣ ಮಾಲೀಕನ ತೋಟದಿಂದಲೇ ಬರಬೇಕು. ಟ್ರಾಕ್ಟರಿನ ಮಡ್‌ಗಾರ್ಡಿನ ಮೇಲೆ, ಮೂಕಿಯ ಮೇಲೆ ಕೂರಿಸಿಕೊಳ್ಳುವುದಂತೂ ಇನ್ನೂ ಅಪಾಯ.

ಕೂಲಿಯವರನ್ನು ದೂರದಿಂದ ಕರೆತರಬೇಕಾದರೆ ಬಸ್ಸಿನ ಚಾರ್ಜನ್ನೋ ಆಟೋ ಬಾಡಿಗೆಯನ್ನೋ ಕೂಲಿಯ ಜೊತೆಗೆ ಕೊಡಿ. ಅದು ಮನೆ ಮುಳುಗಿಸುವ ಖರ್ಚಲ್ಲ.

ಯಾರು ಏನು ಮಾಡಬಹುದು

ಎಲ್ಲವನ್ನೂ ರೈತನ ತಲೆಗೇ ಕಟ್ಟುವುದು ನ್ಯಾಯವಲ್ಲ. ಕೊಬ್ಬರಿ ಹರಾಜಿನ ದಿನ ನೂರಾರು ವಾಹನ ಬರುವ ಕೃಷಿ ಮಾರುಕಟ್ಟೆ ಸಮಿತಿಯವರು ಪ್ರಾಂಗಣದ ಬಾಗಿಲಲ್ಲೇ ಹೊಳೆಯುವ ಪಟ್ಟಿ ಅಂಟಿಸುವ ಏರ್ಪಾಡು ಮಾಡಬಹುದು. ಟ್ರೈಲರಿಗೆ ಸಾಲ ಕೊಡುವ ಬ್ಯಾಂಕು ಮತ್ತು ಸಹಕಾರ ಸಂಘಗಳು ಬ್ರೇಕು, ದೀಪ ಇರುವ ಟ್ರೈಲರಿಗೆ ಮಾತ್ರ ಹಣ ಬಿಡುಗಡೆ ಮಾಡುತ್ತೇವೆ ಎಂದರೆ ಗ್ಯಾರೇಜುಗಳು ತಾವಾಗಿಯೇ ಹಾದಿಗೆ ಬರುತ್ತವೆ. ಕೆರೆ ಏರಿಯ ತಿರುವುಗಳಿಗೆ ತಡೆಗೋಡೆ ಕಟ್ಟಿಸುವಂತೆ ಗ್ರಾಮಸಭೆಯಲ್ಲಿ ನೀವು ಒತ್ತಾಯಿಸಬಹುದು. ಪೊಲೀಸರು ದಂಡ ಹಾಕುವುದಕ್ಕಿಂತ ಮೊದಲು ಹಂಗಾಮಿನ ಆರಂಭದಲ್ಲಿ ಒಂದು ದಿನ ಊರಿಗೆ ಬಂದು ತಿಳಿಹೇಳಿದರೆ ಕೆಲಸ ಅರ್ಧ ಆದಂತೆ.

ಇದನ್ನು ಓದುತ್ತಿರುವ ನಿಮ್ಮಲ್ಲಿ ಈಗಾಗಲೇ ಟ್ರೈಲರ್ ಇರುವವರು ಹೊಸದನ್ನು ಕೊಳ್ಳಬೇಕಾಗಿಲ್ಲ. ನಾಳೆ ಬೆಳಿಗ್ಗೆ ಅರ್ಧ ಗಂಟೆ ಬಿಡುವು ಮಾಡಿಕೊಂಡು ಪಿನ್ನಿನ ಕ್ಲಿಪ್ಪು, ಮೂಕಿಯ ಬೆಸುಗೆ, ಗಾಲಿಯ ನಟ್ಟು, ಟೈರಿನ ಗಾಳಿ, ಹಿಂದಿನ ದೀಪ ಈ ಐದನ್ನು ನೋಡಿ. ಬೆಸುಗೆಯಲ್ಲಿ ಕೂದಲೆಳೆಯ ಬಿರುಕು ಕಂಡರೂ ಆ ದಿನ ಹೇರು ಬೇಡ, ಮೊದಲು ಗ್ಯಾರೇಜಿಗೆ ಹೋಗಿ. ಕೊಯ್ಲು ಒಂದು ದಿನ ತಡವಾದರೆ ತೆಂಗಿನಕಾಯಿಗೆ ಏನೂ ಆಗುವುದಿಲ್ಲ.